ಕಿಟಕಿಯಿಂದ ಕೊಟ್ಟ ಕೂಸು

ಆ ವಾರ ಬೈಲಹೊಂಗಲದಲ್ಲಿ ಒಂದು ಮಗುವೂ ಒಂಟಿಯಾಗಿ ಶಾಲೆಗೆ ಬರಲಿಲ್ಲ. ಎಲ್ಲರ ಫೋನಿಗೂ ಯಾವನೋ ಗಂಡಸಿನ ಧ್ವನಿ ಬಂದಿತ್ತು. ಮಕ್ಕಳ ಕಳ್ಳರ ಗುಂಪೊಂದು ನಮ್ಮ ಸೀಮೆಗೆ ಇಳಿದಿದೆ, ಹುಚ್ಚರ ವೇಷ ಹಾಕಿಕೊಂಡು ಅಡ್ಡಾಡುತ್ತಾರೆ, ಕಂಡಲ್ಲಿ ಹಿಡಿದು ಕಟ್ಟಿಹಾಕಿ ಎಂದು ಅವನು ಏದುಸಿರು ಬಿಡುತ್ತ ಹೇಳುತ್ತಿದ್ದ. ಯಾವ ಊರಲ್ಲಿ, ಯಾರ ಮಗು ಹೋಯಿತು ಎಂದರೆ ಒಂದಕ್ಕೂ ಬುಡವಿಲ್ಲ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಗೇಟಿನ ಮುಂದೆ ಗುಂಪುಗೂಡಿದ ತಾಯಂದಿರನ್ನು ದಬಾಯಿಸಿದೆ. "ಹೋಂವರ್ಕ್ ಕಳಿಸೇನಿ ನೋಡ್ರಿ ಅಂದ್ರ ಫೋನ್ ತಗ್ಯಾಂಗಿಲ್ಲ, ಇಂಥಾದ್ದನ್ನ ಮಾತ್ರ ಕಿವಿಗೆ ಹಚ್ಚಿಕೊಂಡು ಕೇಳ್ತೀರಿ." ಅವರು ನಕ್ಕರು. ಮಕ್ಕಳ ಕೈಯನ್ನು ಮಾತ್ರ ಬಿಡಲಿಲ್ಲ.

ಅವರನ್ನು ದಬಾಯಿಸಿದೆನಾದರೂ ನನ್ನ ಚಿಂತೆ ಬೇರೆಯೇ ಇತ್ತು. ತಮ್ಮ ಮಕ್ಕಳನ್ನು ಯಾರಾದರೂ ಒಯ್ದಾರು ಎಂದು ಅವರಿಗೆ ಭಯ. ನನ್ನ ಅಣ್ಣನನ್ನೇ ಒಯ್ಯುವವನೆಂದು ತಿಳಿದಾರು ಎಂದು ನನಗೆ ಭಯ. ಹುಚ್ಚರ ವೇಷ ಅಂದನಲ್ಲ ಆ ಪುಣ್ಯಾತ್ಮ, ವೇಷ ಹಾಕದೆಯೇ ತಲೆ ಕೆಟ್ಟವರು ಎಲ್ಲಿ ಹೋಗಬೇಕು ಎಂದು ಅವನು ಹೇಳಿರಲಿಲ್ಲ.

ಅಣ್ಣ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಧಾರವಾಡದ ಡಾಕ್ಟರರು ಅವನಿಗೆ ಸ್ಕಿಜೋಫ್ರೇನಿಯಾ ಎಂದು ಹೇಳಿ ಬಹಳ ವರ್ಷಗಳಾದವು. ನೌಕರಿ ಹೋಯಿತು, ಮದುವೆಯ ಮಾತು ಅಲ್ಲಿಗೇ ನಿಂತಿತು. ಅವ್ವ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದಾನೆ. ಅವನಿಗೆ ಇಲ್ಲದ ಧ್ವನಿಗಳು ಕೇಳುತ್ತವೆ. ಅವುಗಳನ್ನು ಅವನು ಹಿಂದಿನ ಸೀಟಿನವರು ಎನ್ನುತ್ತಾನೆ. "ಟಿಕೆಟ್ ತಗಸೂದಿಲ್ಲ, ಇಳಿಯೂದೂ ಇಲ್ಲ, ಬರೇ ಮಾತಾಡ್ತಾರ" ಎಂದು ಒಮ್ಮೆ ನನ್ನ ಮುಂದೆ ದೂರು ಹೇಳಿದ್ದ. ಗುಳಿಗೆ ತಪ್ಪದೆ ನುಂಗಿದರೆ ಅವರು ದನಿ ತಗ್ಗಿಸುತ್ತಾರೆ. ಆಗ ಅಣ್ಣ ಸಂತೆಗೆ ಹೋಗಿ ಎಳೆಯ ಬದನೆಕಾಯಿ ಆರಿಸಿ ತರುತ್ತಾನೆ, ನಾನು ಅದರ ಪಲ್ಯ ಮಾಡಿದರೆ ಉಪ್ಪು ಹೆಚ್ಚಾಯಿತು ಎಂದು ಹೆಸರಿಡುತ್ತಾನೆ. ಅಂಥ ದಿನಗಳಲ್ಲಿ ಅವನಷ್ಟು ಶಾಣ್ಯಾ ಮನುಷ್ಯ ನಮ್ಮ ಮನೆಯಲ್ಲಿ ಇನ್ನೊಬ್ಬನಿಲ್ಲ.

ಶನಿವಾರ ಬೆಳಿಗ್ಗೆ ಚಹಾ ಒಯ್ದರೆ ಅವನ ಕೋಣೆ ಖಾಲಿಯಾಗಿತ್ತು. ಟ್ರಂಕು ಬಾಯಿ ತೆರೆದುಕೊಂಡು ಬಿದ್ದಿತ್ತು. ಅದರ ತಳದಲ್ಲಿ ಮಡಚಿಟ್ಟ ಖಾಕಿ ಅಂಗಿ ಇರಲಿಲ್ಲ. ಹಿತ್ತಲಿಗೆ ಓಡಿ ನೋಡಿದೆ. ದಾಸವಾಳದ ಗಿಡದ ಬುಡದಲ್ಲಿ ಬಿಳಿ ಗುಳಿಗೆಗಳು ಅರ್ಧ ಕರಗಿ ಮಣ್ಣಿಗೆ ಅಂಟಿದ್ದವು. ನಾಲಿಗೆಯ ಕೆಳಗೆ ಇಟ್ಟುಕೊಂಡು ನನ್ನ ಬೆನ್ನು ತಿರುಗಿದ ಕೂಡಲೇ ಉಗುಳುತ್ತಿದ್ದ ಎಂದು ಆಗ ತಿಳಿಯಿತು. ನಮ್ಮ ಓಣಿಯಲ್ಲಿ ಅಷ್ಟು ಸಮಾಧಾನದ ಗಿಡ ಇನ್ನೊಂದು ಇರಲಿಕ್ಕಿಲ್ಲ ಎಂದು ಈಗ ಬರೆಯುವಾಗ ನಗು ಬರುತ್ತದೆ. ಆಗ ಒಳಗೆ ಓಡಿ ಮನೆಯವರಿಗೆ ಫೋನು ಹಚ್ಚಿದೆ.

ನಮ್ಮ ಮನೆಯವರು ಮಾರ್ಕೆಟ್ಟಿಗೆ ಹೊರಟಿದ್ದವರು ಗಾಡಿ ತಿರುಗಿಸಿ ಬಂದರು. "ಹಿಂದಿನ ಸಲ ಕಿತ್ತೂರ ಕ್ವಾಟ್ಯಾಗ ಸಿಕ್ಕಿದ್ದ. ನಾ ಪೊಲೀಸ್ ಸ್ಟೇಶನ್ನಿನಾಗ ಹೇಳಿ ಆ ಕಡೆ ಹೋಗ್ತೇನಿ. ನೀ ಬಸ್‌ಸ್ಟ್ಯಾಂಡ್ ನೋಡು" ಎಂದರು. ಆಮೇಲೆ ಫೋನು ತೆಗೆದು, "ಫೋಟೋ ಗ್ರೂಪಿಗೆ ಹಾಕ್ಲೇನು? ನೂರಾರು ಮಂದಿ ನೋಡ್ತಾರ" ಎಂದು ಕೇಳಿದರು.

"ಹಾಕಬ್ಯಾಡ್ರಿ" ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. "ಕಾಣಿಯಾಗ್ಯಾನ ಅಂತ ನೀವು ಬರದು ಹಾಕ್ತೀರಿ. ನಾಕು ಮಂದಿ ಕೈ ದಾಟೂದ್ರಾಗ ಬರದದ್ದು ಹೋಗಿ ಬರೇ ಫೋಟೋ ಉಳಿತೈತಿ. ಅದರ ಮ್ಯಾಲ ಯಾರು ಏನು ಬರೀತಾರೋ ಯಾರಿಗೆ ಗೊತ್ತು."

ಅವರು ನನ್ನನ್ನೇ ನೋಡಿ ಫೋನು ಜೇಬಿಗಿಳಿಸಿದರು. ಕಳೆದುಹೋದವರನ್ನು ಹುಡುಕಲು ಊರಿಗೆಲ್ಲ ಡಂಗುರ ಸಾರಬೇಕು. ನಾವು ಮಾತ್ರ ಕಳ್ಳತನ ಮಾಡಿದವರ ಹಾಗೆ ಕಿವಿಯಿಂದ ಕಿವಿಗೆ ಕೇಳುತ್ತ ಹುಡುಕಬೇಕಾಗಿ ಬಂತು.

ಬಸ್‌ಸ್ಟ್ಯಾಂಡಿನಲ್ಲಿ ಕೇಳಿದಾಗ ವಿಚಾರಣೆ ಕಿಟಕಿಯಲ್ಲಿದ್ದವರು ತಲೆ ಎತ್ತದೆಯೇ ಹೇಳಿದರು. "ಅವರಾ? ಮುಂಜಾನಿ ಸವದತ್ತಿ ಬಸ್ಸಿಗೆ ಹ್ವಾದ್ರಲ್ಲರಿ."

"ಎಲ್ಲಿ ಹೊಂಟೀರಿ ಅಂತ ಯಾರೂ ಕೇಳಲಿಲ್ಲೇನ್ರಿ?"

"ಏನ್ ಕೇಳೂದ್ರಿ ಅಕ್ಕಾರ, ಸ್ಟಾಫ್ ಅದಾರ."

ಸ್ಟಾಫ್ ಎಂಬ ಮಾತಿನ ಮಹಿಮೆ ಬಸ್ಸಿನವರಿಗಷ್ಟೇ ಗೊತ್ತು. ಬಸ್ಸಿನ ನೌಕರಿಯವರು ಹತ್ತಿದರೆ ಕಂಡಕ್ಟರ್ ಕೈಚಾಚುವ ಮೊದಲೇ ಮೆಲ್ಲಗೆ ಸ್ಟಾಫ್ ಎನ್ನುತ್ತಾರೆ. ಅವನು ಕತ್ತು ಅಲ್ಲಾಡಿಸಿ ಮುಂದಿನವರ ಕಡೆ ಹೋಗುತ್ತಾನೆ. ನೌಕರಿ ಬಿಟ್ಟವರಿಗೂ ಹಳೆಯ ಗುರುತಿನ ಮೇಲೆ ಈ ಮರ್ಯಾದೆ ನಡೆಯುತ್ತದೆ. ಬೇರೆ ಊರಿನ ತಲೆಕೆಟ್ಟವರನ್ನು ಯಾವ ಬಸ್ಸಿನವರೂ ಹತ್ತಿಸಿಕೊಳ್ಳುವುದಿಲ್ಲ, ಹಾಗಾಗಿ ಅವರು ತಮ್ಮೂರಿನ ಕಟ್ಟೆಯ ಮೇಲೇ ಸಿಗುತ್ತಾರೆ. ನಮ್ಮವನಿಗೆ ಒಂದು ಖಾಕಿ ಅಂಗಿ, ಒಂದು ಮಾತು ಸಾಕು, ಇಡೀ ಜಿಲ್ಲೆಯ ಬಾಗಿಲು ತೆರೆದೇ ಇರುತ್ತದೆ. ಅವರೆಲ್ಲ ಅವನಿಗೆ ಒಳ್ಳೆಯದನ್ನೇ ಮಾಡಿದ್ದರು. ಆ ಒಳ್ಳೆಯತನದ ಮೇಲೆ ನನಗೆ ಸಿಟ್ಟು ಬಂತು.

ಮುಂದಿನ ಸವದತ್ತಿ ಬಸ್ಸು ಹತ್ತಿದೆ. ಮುನವಳ್ಳಿ ದಾಟುವವರೆಗೂ ಕಿಟಕಿಯ ಸರಳು ಹಿಡಿದುಕೊಂಡು, ರಸ್ತೆಯ ಬದಿಗೆ ಖಾಕಿ ಬಣ್ಣದ್ದು ಏನು ಕಂಡರೂ ಎದ್ದು ನಿಲ್ಲುತ್ತಿದ್ದೆ. ಪಕ್ಕದಲ್ಲಿ ಕುಳಿತ ಹೆಂಗಸು ತನ್ನ ಬುಟ್ಟಿಯನ್ನು ದೂರ ಸರಿಸಿಕೊಂಡಳು. ನನ್ನನ್ನೇ ತಲೆಕೆಟ್ಟವಳು ಎಂದುಕೊಂಡಿರಬೇಕು. ಆ ಹೊತ್ತಿನಲ್ಲಿ ಅವಳದೇನೂ ತಪ್ಪಿರಲಿಲ್ಲ.

ನವಿಲುತೀರ್ಥದ ಹತ್ತಿರ ಕಾಲುವೆಯ ದಂಡೆಯ ಮೇಲೆ ಮಂದಿ ನೆರೆದಿದ್ದರು. ಹಗ್ಗ ಇಳಿಬಿಟ್ಟು ಏನನ್ನೋ ಎಳೆಯುತ್ತಿದ್ದರು. ಅಣ್ಣನಿಗೆ ಈಜು ಬರುವುದಿಲ್ಲ. ಹಿಂದೊಮ್ಮೆ ಹಿಂದಿನ ಸೀಟಿನವರು ಅವನಿಗೆ ನೀರಿಗೆ ಇಳಿ ಎಂದಿದ್ದರು, ಅವನೇ ಅದನ್ನು ನನಗೆ ಹೇಳಿದ್ದ. "ನಿಂದರಸ್ರಿ" ಎಂದು ಚೀರಿದೆ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದು, ಚಪ್ಪಲಿ ಒಂದು ಕಡೆ ನಾನೊಂದು ಕಡೆಯಾಗಿ ಓಡಿದೆ. ಮಂದಿಯನ್ನು ಸರಿಸಿ ಬಗ್ಗಿ ನೋಡಿದರೆ ನೀರಿನಲ್ಲಿ ಎಮ್ಮೆಯೊಂದು ಮೂಗು ಮೇಲೆ ಮಾಡಿ ನಿಂತಿತ್ತು. ಹಗ್ಗ ಎಳೆಯುವವರ ಅವಸರವಾಗಲಿ ನನ್ನ ಅವಸರವಾಗಲಿ ಅದಕ್ಕೆ ಇರಲಿಲ್ಲ. ನಾನು ಅಲ್ಲೇ ಕುಸಿದು ಕುಳಿತು ಅತ್ತೆ. ಎಮ್ಮೆಯ ಒಡೆಯ ನನ್ನ ಹತ್ತಿರ ಬಂದು, "ಅಳಬ್ಯಾಡ್ರಿ ಅಕ್ಕಾರ, ಏನೂ ಆಗಿಲ್ಲ ಅದಕ್ಕ" ಎಂದು ಸಮಾಧಾನ ಹೇಳಿದ.

ಬಸ್ಸು ನನ್ನ ಸಲುವಾಗಿ ಕಾದಿತ್ತು. ಕಂಡಕ್ಟರ್ ಚಪ್ಪಲಿ ತಂದು ಕಾಲ ಬಳಿ ಇಟ್ಟ.

ಸವದತ್ತಿ ನಿಲ್ದಾಣದಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರ ನೂಕುನುಗ್ಗಲು. ಹಣೆತುಂಬ ಅರಿಶಿನದ ಭಂಡಾರ ಹಚ್ಚಿಕೊಂಡವರ ನಡುವೆ ಒಂದೊಂದೇ ಮುಖ ನೋಡುತ್ತ ಹೋದೆ. ಶೇಂಗಾ ಮಾರುತ್ತ ಕುಳಿತಿದ್ದ ಮುದುಕಿಯನ್ನು ಕೇಳಿದರೆ ಅವಳ ಮುಖ ಅರಳಿತು. "ಖಾಕಿ ಅಂಗಿ ಮನಷ್ಯಾ ಏನವಾ? ಮುಂಜಾನಿಂದ ಇಲ್ಲೇ ಇದ್ದ. ಗುಡ್ಡದ ಮಂದೀನ ಸಾಲಾಗಿ ನಿಂದರಸಿ ಬಸ್ಸಿಗೆ ಹತ್ತಿಸ್ತಿದ್ದ. ಸಣ್ಣ ಹುಡುಗೂರನ್ನ ಎತ್ತಿ ಎತ್ತಿ ಇಳಸ್ತಿದ್ದ. ಭಾಳ ಚಲೋ ಮನಷ್ಯಾ."

ಅವಳು ಹೊಗಳಿದಷ್ಟೂ ನನ್ನ ಭಯ ಹೆಚ್ಚಿತು. ಮಕ್ಕಳನ್ನು ಎತ್ತಿ ಇಳಿಸುವುದು ಅವನ ಹಳೆಯ ರೂಢಿ. ನೌಕರಿಯಲ್ಲಿದ್ದಾಗ ಯಾವ ಮಗುವನ್ನೂ ತಾನಾಗಿ ಮೆಟ್ಟಿಲು ಇಳಿಯಲು ಬಿಟ್ಟವನಲ್ಲ, ಕಂಕುಳಿಗೆ ಕೈಹಾಕಿ ಎತ್ತಿ ನೆಲಕ್ಕೆ ಇಡುತ್ತಿದ್ದ. ತಾಯಂದಿರು ನಗುತ್ತಿದ್ದರು. ಅವರು ನಗುತ್ತಿದ್ದ ಕಾಲದಲ್ಲಿ ಇಂಥ ಫೋನುಗಳಿರಲಿಲ್ಲ.

"ಈಗ ಎಲ್ಲಿ ಹ್ವಾದ್ರಬೇ?"

"ರಾಮದುರ್ಗದ ಬಸ್ಸಿಗೆ ಹತ್ತಿದಂಗಿತ್ತವಾ."

ಆಗಲೇ ಫೋನು ಟಿಣ್ ಎಂದಿತು. ನಮ್ಮ ಶಾಲೆಯ ಶಿಕ್ಷಕರ ಗ್ರೂಪಿಗೆ ಯಾರೋ ಒಂದು ಫೋಟೋ ಕಳಿಸಿದ್ದರು. ಕೆಳಗೆ ಬರೆದಿತ್ತು: "ಸುರೇಬಾನದಾಗ ಮಕ್ಕಳ ಕಳ್ಳ ಸಿಕ್ಕ. ಎಲ್ಲಾರಿಗೂ ಕಳಸ್ರಿ." ಸುರೇಬಾನ ಅದೇ ರಾಮದುರ್ಗದ ದಾರಿಯಲ್ಲಿ ಬರುವ ಊರು. ಫೋಟೋದಲ್ಲಿ ಮಂದಿಯ ಕೈಗಳು, ಅವುಗಳ ನಡುವೆ ಬಗ್ಗಿದ ಒಂದು ಬೆನ್ನು. ಮುಖ ಕಾಣುತ್ತಿರಲಿಲ್ಲ. ಕಾಲರ್ ಕಾಣುತ್ತಿತ್ತು. ಸವೆದ ಕಾಲರನ್ನು ತಿರುವಿ, ಖಾಕಿ ದಾರ ಸಿಗಲಿಲ್ಲವೆಂದು ಕರಿ ದಾರದಲ್ಲಿ ಹೊಲಿದವಳು ನಾನೇ.

ಆಮೇಲೆ ಸ್ವಲ್ಪ ಹೊತ್ತು ನಾನು ಏನು ಮಾಡಿದೆನೋ ನೆನಪಿಲ್ಲ. ನೆನಪಿರುವುದು ಒಂದು ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಡ್ರೈವರನ ಪಕ್ಕ ಕುಳಿತಿದ್ದೆ, ಸುರೇಬಾನಕ್ಕೆ ಲಗೂ ನಡಿ ಎಂದು ಹೇಳುತ್ತಿದ್ದೆ ಎಂಬುದಷ್ಟೇ. ಮನೆಯವರಿಗೆ ಫೋನು ಮಾಡಿದೆ. ಅವರು ಇನ್ನೂ ಕಿತ್ತೂರಿನಲ್ಲಿದ್ದರು. "ನಾ ರಾಮದುರ್ಗದ ಪೊಲೀಸರಿಗೆ ಹೇಳಸ್ತೇನಿ, ನೀ ಒಬ್ಬಾಕಿ ಆ ಮಂದ್ಯಾಗ ಹೋಗಬ್ಯಾಡ" ಎಂದರು. ಹೋಗದೆ ಏನು ಮಾಡಲಿ?

ಡ್ರೈವರ್ ಹರಟೆಮಲ್ಲ. ಅವನ ಫೋನಿಗೂ ಅದೇ ಫೋಟೋ ಬಂದಿತ್ತು. "ನೋಡ್ರಿ ಅಕ್ಕಾರ, ಇಂಥವರನ್ನ ಸುಮ್ಮ ಬಿಡಬಾರದು. ಪೊಲೀಸರ ಕೈಯಾಗ ಕೊಟ್ರ ನಾಳೆ ಹೊರಗ ಬರ್ತಾರ. ಅಲ್ಲೇ ಕೈಕಾಲು ಮುರದು ಹಾಕಬೇಕು."

ನಿಜ ಹೇಳಿದರೆ ಇವನು ಗಾಡಿ ನಿಲ್ಲಿಸಿ ಇಳಿಸಿಬಿಟ್ಟರೆ? ಹೇಳದಿದ್ದರೆ ಇವನು ಹೀಗೇ ಹರಟೆ ಹೊಡೆಯುತ್ತ ಎತ್ತಿನ ಗಾಡಿಯಂತೆ ಒಯ್ಯುತ್ತಾನೆ. ಕಡೆಗೆ ತಡೆಯಲಾಗಲಿಲ್ಲ. "ಅಂವ ನಮ್ಮಣ್ಣ ಅದಾನಪಾ. ಕಳ್ಳ ಅಲ್ಲ. ತಲಿ ಅರಾಮ ಇಲ್ಲ ಅವಂಗ."

ಗಾಡಿ ನಿಧಾನವಾಯಿತು. ಅವನು ನನ್ನ ಮುಖ ನೋಡಿದ, ರಸ್ತೆ ನೋಡಿದ. ನಾನು ಸೀಟಿನ ಕೆಳಗಿನ ಕಬ್ಬಿಣ ಹಿಡಿದು ಕುಳಿತಿದ್ದೆ. ಆಮೇಲೆ ಅವನು ಫೋನನ್ನು ಜೇಬಿಗೆ ತುರುಕಿ ಗಾಡಿಯನ್ನು ಎಷ್ಟು ಜೋರಾಗಿ ಓಡಿಸಿದನೆಂದರೆ, ಅಣ್ಣನನ್ನು ನೋಡುವ ಮೊದಲು ನಾನೇ ಹೋಗಿಬಿಡುತ್ತೇನೇನೋ ಎನ್ನಿಸಿತು.

ಸುರೇಬಾನದ ಬಸ್‌ಸ್ಟಾಪಿನ ಎದುರು ಒಂದು ಚಹಾದಂಗಡಿಯ ಶಟರ್ ಎಳೆದಿತ್ತು. ಅದರ ಮುಂದೆ ಒಬ್ಬನೇ ಒಬ್ಬ ಪೊಲೀಸು ಲಾಠಿ ಅಡ್ಡ ಹಿಡಿದು ನಿಂತಿದ್ದ. ಅವನ ಮುಂದೆ ಊರಿಗೆ ಊರೇ ಇತ್ತು. ಹೊಲದಿಂದ ಹಾಗೇ ಬಂದವರು, ಕುಡುಗೋಲು ಕೆಳಗಿಡದವರು, ಗೋಡೆ ಹತ್ತಿ ಕುಳಿತವರು. ಅವರೂ ಹೆದರಿದ್ದರು, ಅದು ಮುಖದಲ್ಲಿ ಕಾಣುತ್ತಿತ್ತು. ಹೆದರಿದ ಮಂದಿಯಷ್ಟು ಕೆಟ್ಟದ್ದು ಬೇರೆ ಇಲ್ಲ. ಸಿಟ್ಟಾದವನು ಒಂದು ಏಟಿಗೆ ತಣ್ಣಗಾದಾನು, ಹೆದರಿದವನ ಕೈ ನಿಲ್ಲುವುದಿಲ್ಲ. ಟಂಟಂ ಡ್ರೈವರನೇ ನನ್ನ ಮುಂದೆ ದಾರಿ ಮಾಡಿಕೊಂಡು, "ಸರೀರಿ, ಪೇಶಂಟಿನ ಮನ್ಯಾವರು ಬಂದಾರ, ಸರೀರಿ" ಎಂದು ಕೂಗುತ್ತ ಹೋದ.

ಪೊಲೀಸು ಶಟರನ್ನು ಮೊಣಕಾಲಿನಷ್ಟು ಎತ್ತಿದ. ನಾನು ನುಸುಳಿ ಒಳಗೆ ಹೋದೆ.

ಅಣ್ಣ ಸಕ್ಕರೆ ಡಬ್ಬಿಗಳ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದ. ತುಟಿ ಒಡೆದಿತ್ತು, ಒಂದು ಕಣ್ಣು ಮುಚ್ಚಿತ್ತು, ಅಂಗಿಯ ತೋಳು ಹರಿದು ಜೋಲಾಡುತ್ತಿತ್ತು. ಜೀವ ಇತ್ತು. ನಾನು ಅವನ ಮುಖ, ತಲೆ, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದೆ. ಅವನು ಎಲ್ಲಕ್ಕಿಂತ ಮೊದಲು ಕೇಳಿದ್ದು, "ಕೂಸು ಎಲ್ಲೈತಿ?"

ಮೂಲೆಯಲ್ಲಿ ಒಬ್ಬ ಹೆಂಗಸು ಮಗುವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ನನ್ನ ಹಳೆಯ ವಿದ್ಯಾರ್ಥಿನಿಯಾಗಿರಬಹುದಾದಷ್ಟು ಚಿಕ್ಕವಳು. "ಇಲ್ಲೈತ್ರಿ ಕಾಕಾರ" ಎಂದಳು. ಆಮೇಲೆ ನನ್ನ ಕಡೆ ತಿರುಗಿ ಅಳತೊಡಗಿದಳು. "ನಾನ ಕೊಟ್ಟೇನ್ರಿ ಅಕ್ಕಾರ. ನನ್ನ ಕೈಯಾರೆ ಕಿಟಿಕ್ಯಾಗಿಂದ ಕೊಟ್ಟೇನ್ರಿ."

ನಮ್ಮ ಕಡೆ ಬಸ್ಸು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಬಸ್ಸು ತುಂಬಿ ಬಂದರೆ ನಾವು ಬಾಗಿಲಿನ ಗದ್ದಲಕ್ಕೆ ಹೋಗುವ ಮೊದಲು ಕಿಟಕಿಯಿಂದ ಸೀಟು ಹಿಡಿಯುತ್ತೇವೆ. ಕೆಲವರು ಟವೆಲ್ ಒಗೆಯುತ್ತಾರೆ, ಕೆಲವರು ಚೀಲ. ಟವೆಲನ್ನು ನಾಚಿಕೆಗೆಟ್ಟವರು ಎತ್ತಿ ಬದಿಗಿಟ್ಟು ಕೂತಾರು. ಆದರೆ ಕೂಸನ್ನು ಯಾರೂ ಸರಿಸುವುದಿಲ್ಲ. ಅದಕ್ಕೇ ತಾಯಂದಿರು ಕಿಟಕಿಯ ಬಳಿ ಯಾರಿದ್ದರೂ ಸರಿ, "ಹಿಡೀರಿ ಸ್ವಲ್ಪ" ಎಂದು ಮಗುವನ್ನು ಅವರ ಕೈಗೆ ದಾಟಿಸಿ ಬಾಗಿಲಿಗೆ ಓಡುತ್ತಾರೆ. ನಾನೂ ನನ್ನ ಮಗಳನ್ನು ಹಾಗೆ ದಾಟಿಸಿದ್ದೇನೆ. ಹಿಡಿದುಕೊಂಡವರ ಮುಖ ನೋಡಿದ ನೆನಪೂ ನನಗಿಲ್ಲ. ಇವಳಾದರೂ ಖಾಕಿ ಅಂಗಿ ನೋಡಿ ಕೊಟ್ಟಿದ್ದಳು.

ಇವಳು ಬಾಗಿಲಿನಲ್ಲಿ ನೂಕಾಡಿ ಒಳಗೆ ಬರುವಷ್ಟರಲ್ಲಿ ಸೀಟು ಖಾಲಿಯಾಗಿತ್ತು. ಆ ಕಡೆಯ ತುರ್ತು ಬಾಗಿಲು ತೆರೆದಿತ್ತು. ಇವಳು ಚೀರಿದಳು. ಆ ಚೀರಿಗೆ ಊರು ಕೂಡಿತು. ಅಣ್ಣ ಬಹಳ ದೂರ ಹೋಗಿರಲಿಲ್ಲ. ನೀರಿನ ಟಾಕಿಯ ಹಿಂದೆ, ಮಗುವಿನ ಎರಡೂ ಕಿವಿ ಮುಚ್ಚಿ ಹಿಡಿದುಕೊಂಡು ನಿಂತಿದ್ದನಂತೆ. ಮಂದಿ ಬಡಿಯತೊಡಗಿದಾಗ ಪೊಲೀಸು ಅವನನ್ನೂ ತಾಯಿ ಮಗುವನ್ನೂ ಈ ಅಂಗಡಿಯೊಳಗೆ ನೂಕಿ ಶಟರ್ ಎಳೆದಿದ್ದ.

"ಯಾಕ ಇಳದಿ ಅಣ್ಣಾ?"

ಅವನು ದನಿ ತಗ್ಗಿಸಿದ. "ಹಿಂದಿನ ಸೀಟಿನವರು ಹೇಳಿದ್ರು. ಮಕ್ಕಳ ಕಳ್ಳರು ಬಂದಾರ ಅಂದ್ರು. ನಾ ತಿರುಗಿ ನೋಡಿದ್ನಿ, ಅಲ್ಲಿ ಖರೇನ ಮಂದಿ ಕುಂತಿದ್ರು. ಫೋನಿನಾಗಿಂದ ಮಾತಾಡಾಕತ್ತಿದ್ರು."

ಆ ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರೋ ಎಲ್ಲರ ಫೋನಿಗೂ ಬಂದಿದ್ದ ಅದೇ ಧ್ವನಿಯನ್ನು ಜೋರಾಗಿ ಹಚ್ಚಿದ್ದರು. ಇಷ್ಟು ವರ್ಷ ಇಲ್ಲದ ದನಿಗಳಿಗೆ ಹೆದರಿದವನು, ಆವತ್ತು ಎಲ್ಲರಿಗೂ ಕೇಳಿಸಿದ ದನಿಗೇ ಹೆದರಿದ್ದ. ಊರಿನವರು ನಂಬಿದ್ದನ್ನೇ ಅವನೂ ನಂಬಿದ್ದ. ಕೈಗೆ ಬಂದ ಕೂಸನ್ನು ಉಳಿಸಬೇಕೆಂದು ಇಳಿದು ಓಡಿದ್ದ. ನಾನು ಅವನ ಹರಿದ ತೋಳು ಹಿಡಿದು ಅತ್ತೆ.

ಹೊರಗೆ ರಾಮದುರ್ಗದಿಂದ ಪೊಲೀಸ್ ಜೀಪು ಬಂದ ಸಪ್ಪಳವಾಯಿತು. ಮಂದಿಯ ಗದ್ದಲ ಏರಿತು. ಜೀಪು ಅಂಗಡಿಯ ತನಕ ಬರುವಂತಿರಲಿಲ್ಲ, ನಾವೇ ಅದರ ತನಕ ನಡೆದು ಹೋಗಬೇಕಿತ್ತು. ರಸ್ತೆಯ ಆಚೆ ಬದಿಗೆ ನಿಂತಿದ್ದರೂ ನನಗೆ ಅದು ಬೇರೆ ಊರಿನಷ್ಟು ದೂರ ಕಂಡಿತು. ಒಂದು ಕಲ್ಲು ಶಟರಿಗೆ ಬಡಿಯಿತು. ಅಣ್ಣ ತಲೆಯ ಮೇಲೆ ಕೈ ಇಟ್ಟುಕೊಂಡ.

ಆ ಹುಡುಗಿ ಕಣ್ಣು ಒರೆಸಿಕೊಂಡಳು. "ನಾ ಮುಂದ ನಡೀತೇನ್ರಿ" ಎಂದಳು. "ನೀವು ಇಬ್ಬರೂ ನನ್ನ ಬೆನ್ನ ಹಿಂದ ಬರ್ರಿ. ಕೂಸು ಇದ್ದಲ್ಲಿ ಕಲ್ಲು ಒಗ್ಯಾಂಗಿಲ್ಲ."

"ಬ್ಯಾಡವಾ" ಎಂದೆ. ನಿಜವಾಗಿ ಬೇಡ ಎನ್ನಿಸಿತ್ತು. ಗುರಿ ತಪ್ಪಿದ ಒಂದು ಕಲ್ಲು ಸಾಕಿತ್ತು. ಅದರ ಜೊತೆಗೇ, ಅವಳು ನನ್ನ ಮಾತು ಕೇಳದಿರಲಿ ಎಂದೂ ಒಳಗೊಳಗೇ ಬೇಡಿಕೊಂಡೆ.

ಅವಳು ಕೇಳಲಿಲ್ಲ. ಶಟರ್ ಎತ್ತಿಸಿ, ಮಗುವನ್ನು ಭುಜದ ಮೇಲೆ ಎಲ್ಲರಿಗೂ ಕಾಣುವಂತೆ ಹಾಕಿಕೊಂಡು ಹೊರಬಿದ್ದಳು. "ನನ್ನ ಕೂಸು ಐತಿ, ನಾನ ಕೊಟ್ಟಿದ್ನಿ, ಸರೀರಿ" ಎನ್ನುತ್ತ ನಡೆದಳು. ಅವಳ ಹಿಂದೆ ಅಣ್ಣ, ಅವನ ಸೊಂಟ ಹಿಡಿದು ನಾನು, ನನ್ನ ಹಿಂದೆ ಪೊಲೀಸು, ಟಂಟಂ ಡ್ರೈವರ್. ಬೈಗುಳ ಬಂದವು. ಯಾರದೋ ಕೈ ಅಣ್ಣನ ಕತ್ತಿಗೆ ಬಿತ್ತು. ಅವಳ ಗಂಡನಿರಬೇಕು, ಒಬ್ಬ ಅವಳ ಹೆಸರು ಹಿಡಿದು ಕೂಗಿ, "ಹುಚ್ಚಿ ಏನ ನೀ, ಬಾ ಈ ಕಡೆ" ಎಂದು ಗದರಿದ. ಅವಳು ತಿರುಗಿ ನೋಡಲಿಲ್ಲ. ಕಲ್ಲು ಮಾತ್ರ ಬೀಳಲಿಲ್ಲ.

ಜೀಪಿನ ಬಾಗಿಲಿಗೆ ಬಂದಾಗ ನಾನು ಅವಳ ಕಾಲಿಗೆ ಬೀಳಲು ಬಗ್ಗಿದೆ. ಅವಳು ಹಿಂದೆ ಸರಿದಳು. ಮಗುವನ್ನು ಇನ್ನೊಂದು ಭುಜಕ್ಕೆ, ಅಣ್ಣನಿಂದ ದೂರದ ಭುಜಕ್ಕೆ, ಬದಲಿಸಿಕೊಂಡಳು.

"ಸಿಟ್ಟಾಗಬ್ಯಾಡ್ರಿ ಅಕ್ಕಾರ, ಖರೇ ಹೇಳ್ತೇನಿ" ಎಂದಳು. "ಇನ್ನೊಮ್ಮೆ ಆದ್ರ ನಾ ಇವರ ಕೈಯಾಗ ಕೊಡಾಂಗಿಲ್ಲರಿ."

ನನಗೆ ಸಿಟ್ಟು ಬರಲಿಲ್ಲ. ಅವನ ಒಡಹುಟ್ಟಿದವಳು ನಾನು, ನಾನಾದರೂ ಕೊಡುತ್ತಿರಲಿಲ್ಲ. ಹಾಗೆ ಅನ್ನಿಸಿದ್ದು ಮುಖದಲ್ಲಿ ಕಂಡೀತೆಂದು ಅಣ್ಣನ ಕಡೆ ನೋಡಲು ಅಂಜಿದೆ. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಜೀಪಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಒಡೆದ ತುಟಿಯಲ್ಲೇ ಅವಳಿಗೆ ಹೇಳಿದ.

"ಕೊಡಬ್ಯಾಡ ತಂಗೆವ್ವ. ಈ ದಿವಸದಾಗ ಯಾರ ಕೈಯಾಗೂ ಕೊಡಬ್ಯಾಡ."